ಸಿಲೈಲೊ ಮುಳುಗಿದ ಮೇಲೆ

ಸಿಲೈಲೊ ಜಲಪಾತದ ಭೋರ್ಗರೆತ ಮೈಲಿಗಟ್ಟಲೆ ದೂರಕ್ಕೆ ಕೇಳುತ್ತಿತ್ತು ಎಂದು ಅದರ ಮಗ್ಗುಲಲ್ಲೇ ಬೆಳೆದ ಹಿರಿಯರು ಹೇಳುತ್ತಾರೆ. ಅಮೆರಿಕದ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಗಡಿಯಲ್ಲಿ ಕೊಲಂಬಿಯಾ ನದಿ ಕಪ್ಪು ಬಂಡೆಗಳ ನಡುವೆ ನುಗ್ಗಿ ಧುಮುಕುತ್ತಿದ್ದ ಜಾಗವದು. ಬಂಡೆಯಂಚಿನಿಂದ ನೀರಿನ ಮೇಲಕ್ಕೆ ಮರದ ಅಟ್ಟಣಿಗೆ ಚಾಚಿರುತ್ತಿತ್ತು. ಅಲ್ಲಿನ ಮೂಲನಿವಾಸಿ ಬುಡಕಟ್ಟಿನ ಮೀನುಗಾರ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅದರ ತುದಿಗೆ ನಿಂತು, ಉದ್ದ ಕೋಲಿಗೆ ಕಟ್ಟಿದ ಬಲೆಯನ್ನು ನೊರೆಯೊಳಗೆ ಇಳಿಬಿಡುತ್ತಿದ್ದ. ಸಮುದ್ರದಿಂದ ಮೊಟ್ಟೆಯಿಡಲು ಹೊಳೆಯೇರಿ ಬರುವ ಸಾಲ್ಮನ್ ಬಲೆಗೆ ಬಡಿದರೆ ಕೋಲು ಹಿಡಿದ ಅಂಗೈಗೆ ಗೊತ್ತಾಗುತ್ತಿತ್ತು. ಆಯ ತಪ್ಪಿದರೆ ಆ ಹಗ್ಗವೇ ಗತಿ.

ಯಾವಾಗ ಹಿಡಿಯಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸಲು ಸಾಲ್ಮನ್ ಮುಖಂಡನಿದ್ದ. ಕತ್ತಲಾದ ಮೇಲೆ ಬಲೆ ಹಾಕುವಂತಿರಲಿಲ್ಲ. ಮೇಲಿನ ಹಳ್ಳಿಗಳಿಗೂ ಮೀನು ತಲುಪಬೇಕಲ್ಲ! ಸಾವಿರಾರು ವರ್ಷ ನಡೆದುಬಂದ ಈ ಕಸುಬಿಗೆ, ಬುಡಕಟ್ಟುಗಳು ಅಮೆರಿಕ ಸರ್ಕಾರದೊಂದಿಗೆ 1855ರಲ್ಲಿ ಮಾಡಿಕೊಂಡ ಒಪ್ಪಂದಗಳ ರಕ್ಷಣೆಯೂ ಇತ್ತು.

1957ರ ಮಾರ್ಚ್ 10ರಂದು ನದಿಯ ಕೆಳಭಾಗದ ಡ್ಯಾಲ್ಸ್ ಅಣೆಕಟ್ಟಿನ ಗೇಟುಗಳು ಮುಚ್ಚಿದವು. ದಂಡೆಯಲ್ಲಿ ಸೇರಿದ್ದ ಜನರ ಕಣ್ಣೆದುರೇ ಹಿನ್ನೀರು ಏರಿ, ಕೆಲವೇ ಗಂಟೆಗಳಲ್ಲಿ ಬಂಡೆ, ಅಟ್ಟಣಿಗೆ, ಜಲಪಾತ ಎಲ್ಲವೂ ಮುಳುಗಿದವು. ಅಣೆಕಟ್ಟನ್ನು ವಿರೋಧಿಸುತ್ತಲೇ ಬಂದಿದ್ದ ವಯೋವೃದ್ಧ ಮುಖಂಡ ಟಾಮಿ ಥಾಂಪ್ಸನ್ ಎರಡು ವರ್ಷಗಳ ನಂತರ ತೀರಿಕೊಂಡರು. ನಾಲ್ಕು ಬುಡಕಟ್ಟುಗಳಿಗೆ ಸುಮಾರು 2.7 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಕಸುಬಿನ ಜಾಗ ಮಾತ್ರ ಹೋಗಿಯೇ ಹೋಯಿತು.

ಡ್ಯಾಲ್ಸ್‌ನದು ಸುಮಾರು 1,800 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ. ಇದು ಮಳೆಗಾಲದ ನೀರನ್ನು ವರ್ಷವಿಡೀ ಕೂಡಿಡುವ ಜಲಾಶಯವಲ್ಲ. ಹರಿದುಬರುವ ನೀರಿನ ಮಟ್ಟ ಏರಿಸಿ, ಆ ಎತ್ತರದ ಒತ್ತಡದಿಂದಲೇ ಟರ್ಬೈನ್ ತಿರುಗಿಸುತ್ತದೆ. ಹಡಗಿನ ಪ್ರೊಪೆಲರ್‌ನಂಥ ದೈತ್ಯ ಅಲಗುಗಳು ನಿಮಿಷಕ್ಕೆ ನೂರು ಸುತ್ತಿಗೂ ಕಡಿಮೆ ವೇಗದಲ್ಲಿ ತಿರುಗುತ್ತವೆ.

ಮೀನನ್ನು ಎಂಜಿನಿಯರುಗಳು ಪೂರ್ತಿ ಮರೆತಿರಲಿಲ್ಲ. ಅದೇ ನದಿಯಲ್ಲಿ ಇನ್ನೂ ಕೆಳಗೆ, 1938ರಲ್ಲಿ ಕಾರ್ಯಾರಂಭಿಸಿದ ಬಾನವಿಲ್ ಅಣೆಕಟ್ಟಿನಲ್ಲೇ ಮೀನಿನ ಏಣಿ ಇತ್ತು: ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ನೀರಿನ ತೊಟ್ಟಿಗಳು. ಏರುವ ಮೀನುಗಳನ್ನು ಗಾಜಿನ ಕಿಟಕಿಯ ಬಳಿ ಕುಳಿತು ಜಾತಿವಾರು ಎಣಿಸುವ ಕೆಲಸ ಅಲ್ಲಿ ಇಂದಿಗೂ ನಡೆಯುತ್ತಿದೆ. ಆದರೆ ನದಿಯ ಮೇಲ್ಭಾಗದಲ್ಲಿ, 1942ರಲ್ಲಿ ಮುಗಿದ ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಏಣಿಯೇ ಇಲ್ಲ. ಅದರಾಚೆಯ ನದಿ ಸಾಲ್ಮನ್‌ಗೆ ಮುಚ್ಚಿಹೋಯಿತು.

ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಹಿಂದೆ ವಸಂತದಲ್ಲಿ ಹಿಮ ಕರಗಿದ ಪ್ರವಾಹವೇ ಬೆರಳುದ್ದದ ಮರಿಗಳನ್ನು ಸಮುದ್ರಕ್ಕೆ ಒಯ್ಯುತ್ತಿತ್ತು. ಈಗ ಹಿನ್ನೀರಿನಲ್ಲಿ ಸೆಳೆತವಿಲ್ಲ, ನೀರು ಬಿಸಿ, ತಿನ್ನಲು ಕಾದಿರುವ ಮೀನುಗಳು ಬೇರೆ. ಟರ್ಬೈನಿಗೆ ಸಿಕ್ಕ ಮರಿ ಅಲಗಿನ ಪೆಟ್ಟು ತಪ್ಪಿಸಿಕೊಂಡರೂ, ಒತ್ತಡ ಥಟ್ಟನೆ ಕುಸಿದು ಗಾಳಿಚೀಲ ಒಡೆಯಬಹುದು. ಕೋಡಿಯಿಂದ ನೀರು ಬಿಟ್ಟರೆ ಹೆಚ್ಚು ಮರಿಗಳು ಉಳಿಯುತ್ತವೆ. ಅತಿಯಾದರೆ ನೀರಿನಲ್ಲಿ ಗಾಳಿ ಬೆರೆತು ಮೀನಿನ ಮೈಯಲ್ಲೇ ಗುಳ್ಳೆ ಏಳುತ್ತದೆ.

ಏಣಿಯೂ ಎಲ್ಲರಿಗೂ ಒಗ್ಗಲಿಲ್ಲ. ಹಾವಿನಾಕಾರದ ಲ್ಯಾಂಪ್ರೆ ಹೀರುಬಾಯಿಂದ ಗೋಡೆಗೆ ಅಂಟಿಕೊಂಡು ಏರುತ್ತದೆ. ಕಾಂಕ್ರೀಟಿನ ಚೂಪು ಮೂಲೆಗೆ ಬಂದರೆ ಹಿಡಿತ ತಪ್ಪಿ ಬೀಳುತ್ತದೆ. ಅದಕ್ಕಾಗಿ ಮೂಲೆಗಳನ್ನು ದುಂಡಗೆ ಮಾಡಬೇಕಾಯಿತು, ಬೇರೆ ಇಳಿಜಾರುಗಳನ್ನೂ ಕಟ್ಟಬೇಕಾಯಿತು. ಅತ್ತ ಹೊರಗಿನಿಂದ ತಂದುಬಿಟ್ಟ ಶ್ಯಾಡ್ ಮೀನಿಗೆ ಜಲಪಾತವೇ ತಡೆಯಾಗಿತ್ತು. ಅದು ಮುಳುಗಿದ ಮೇಲೆ ಶ್ಯಾಡ್ ಲಕ್ಷಗಟ್ಟಲೆ ಮೇಲೇರಿತು.

ಸಿಲೈಲೊ ಹಳ್ಳಿ ಈಗಲೂ ಇದೆ. ಪ್ರತಿ ವಸಂತದಲ್ಲಿ ಮೊದಲ ಸಾಲ್ಮನ್ ಹಬ್ಬ ಅಲ್ಲಿ ನಡೆಯುತ್ತದೆ. ನಾಲ್ಕು ಬುಡಕಟ್ಟುಗಳು 1977ರಲ್ಲಿ ಕಟ್ಟಿಕೊಂಡ ಅಂತರ್‌ಬುಡಕಟ್ಟು ಮೀನುಗಾರಿಕಾ ಆಯೋಗದಲ್ಲಿ ಇಂದು ಅವರದೇ ಜೀವವಿಜ್ಞಾನಿಗಳಿದ್ದಾರೆ. ಕೋಡಿಯಲ್ಲಿ ಬಿಟ್ಟ ನೀರಿನಿಂದ ಕರೆಂಟು ಬರುವುದಿಲ್ಲವಾದ್ದರಿಂದ, ಮರಿಗಳು ಇಳಿಯುವ ಕಾಲದಲ್ಲಿ ಎಷ್ಟು ನೀರು ಬಿಡಬೇಕೆಂಬ ಜಗಳ ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರುತ್ತದೆ. ಅಲ್ಲಿ ಮರಿಗಳ ಪರವಾಗಿ ವಾದಿಸುವವರಲ್ಲಿ ಈ ಬುಡಕಟ್ಟಿನವರೂ ಇದ್ದಾರೆ.