ಕೌನ್ಸೆಲರ್ ತರಬೇತಿಯಲ್ಲಿ ಜಾತಿಯೂ ಪಾಠವಾಗಲಿ

2018ರ ಸಿಬಿಎಸ್‌ಇ ನಿಯಮದಲ್ಲಿ ಶಾಲಾ ಕೌನ್ಸೆಲರ್ ಆಗೋಕೆ ಮನಶ್ಶಾಸ್ತ್ರದ ಪದವಿ ಇದ್ದರೆ ಸಾಕಿತ್ತು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವ ಒಂದು ದಾರಿ ಎಂ.ಎ., ಅದರ ಮೇಲೆ 2 ವರ್ಷದ ಪೂರ್ಣಾವಧಿ ಎಂ.ಫಿಲ್. ದುಡಿಮೆ ಬಿಟ್ಟು ಅಷ್ಟು ವರ್ಷ ಓದೋಕೆ ನಮ್ಮ ಕೇರಿಯ ಎಷ್ಟು ಹುಡುಗಿಯರಿಗೆ ಆಗುತ್ತೆ?

ಅರ್ಹತೆ ಇಳಿಸಿ ಅಂತ ಕೇಳ್ತಿಲ್ಲ. ಮಕ್ಕಳ ಮನಸ್ಸಿನ ಕೆಲಸ ಕಲಿತವರೇ ಮಾಡಬೇಕು. ಓದೋರಿಗೆ ವಿದ್ಯಾರ್ಥಿವೇತನ ಕೊಡಿ. ತರಬೇತಿಯಲ್ಲಿ ಜಾತಿಯ ಪಾಠ ಇರಲಿ, ಹಾಸ್ಟೆಲ್‌ಗಳಲ್ಲಿ ಕೆಲಸ ಮಾಡಿ ಕಲಿಯೋದು ಕಡ್ಡಾಯವಾಗಲಿ.

ಬಿಸಿಯೂಟಕ್ಕೆ ಬೇರೆ ಕೂರಿಸಿದ ಮಗು ಮಾತು ಬಿಟ್ಟರೆ, 'ಆತ್ಮವಿಶ್ವಾಸದ ಕೊರತೆ' ಅಂತ ಫೈಲಲ್ಲಿ ಬರೆದು ಕೈತೊಳೆದುಕೊಳ್ಳಬಾರದು. ಕೂರಿಸಿದವರನ್ನು ಪ್ರಶ್ನೆ ಮಾಡೋದೂ ಕೌನ್ಸೆಲರ್‌ಗೆ ಬರಬೇಕು.

ಜೈಭೀಮ್.