ತಳಿಯ ದಾರಿಯಲ್ಲಿ ಒಂದು ವಂಶಾವಳಿ

ಕನ್ನಡದಲ್ಲಿ ‘ತಳಿ’ ಎಂಬ ಮಾತಿಗೆ ಕುಲ, ಬೀಜದ ಜಾತಿ, ಹುಟ್ಟಿನ ಮೂಲ ಎಂಬ ಅರ್ಥಗಳಿವೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಹೊಸೂರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಆನೇಕಲ್ ಸೀಮೆಗೆ ಹತ್ತಿರವಾಗಿ ಇದೇ ಹೆಸರಿನ ಊರೊಂದಿದೆ. ಊರಿನ ಹೆಸರಿಗೂ ಆ ಅರ್ಥಕ್ಕೂ ನಂಟಿರಲೇಬೇಕೆಂದಿಲ್ಲ. ಆದರೂ ಇಂಗ್ಲೆಂಡಿನ ಕುಲೀನ ಮನೆತನವೊಂದರ ವಂಶಾವಳಿಯನ್ನು ಕೈಯಲ್ಲಿ ಹಿಡಿದು ಹೊರಟ ಪ್ರವಾಸಿ ತನ್ನ ದಾರಿಯನ್ನು ಇಲ್ಲಿಂದಲೇ ಆರಂಭಿಸಿದ್ದಕ್ಕೆ ಕಾರಣವಿತ್ತು. ಬೆಟ್ಟಗಳ ನಡುವಿನ ತಂಪು ಹವೆಗೆ ಮನಸೋತ ಬ್ರಿಟಿಷರು ತಳಿಯನ್ನು ‘ಲಿಟಲ್ ಇಂಗ್ಲೆಂಡ್’ ಎಂದು ಕರೆದರು, ಆ ಅಡ್ಡಹೆಸರು ಇಂದಿಗೂ ಉಳಿದಿದೆ. ಆದರೆ ನಿಜವಾದ ಇಂಗ್ಲೆಂಡಿನ ಒಂದು ಮನೆತನಕ್ಕೆ ಅದರ ಅತ್ಯುನ್ನತ ಬಿರುದು ದೊರೆತದ್ದು ಇದೇ ಗುಡ್ಡಸಾಲಿನ ಕೋಟೆಗಳು ಕೈಬದಲಾದ ಯುದ್ಧದಿಂದ ಎಂಬ ಸಂಗತಿಯನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ.

ತಳಿಯ ಬಸ್‌ನಿಲ್ದಾಣದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಮಾತುಕತೆಯೊಳಗೆ ಬಂದುಹೋಗುತ್ತವೆ. ಸುತ್ತಲಿನ ಹೊಲಗಳಲ್ಲಿ ರಾಗಿಯ ಪಕ್ಕದಲ್ಲಿಯೇ ಗುಲಾಬಿಯೂ ತರಕಾರಿಯೂ ಬೆಳೆಯುತ್ತವೆ. ಇಲ್ಲಿಯ ಒಕ್ಕಲು ಮನೆಗಳ ಹಿರಿಯರನ್ನು ಅವರ ವಂಶದ ಬಗ್ಗೆ ಕೇಳಿದರೆ ತಂದೆ, ತಾತ, ಮುತ್ತಾತ ಎಂದು ಮೂರು ನಾಲ್ಕು ತಲೆಮಾರು ಹೆಸರು ಹಿಡಿದು ಹೇಳುತ್ತಾರೆ. ಅಜ್ಜಿ, ಮುತ್ತಜ್ಜಿಯರ ಸರದಿ ಬಂದಾಗ ಮಾತ್ರ ಹೆಸರಿನ ಬದಲು ತವರೂರು ಬರುತ್ತದೆ. ಒಬ್ಬಳು ‘ಆನೇಕಲ್ಲಿನೋಳು’, ಮತ್ತೊಬ್ಬಳು ‘ಅಂಚೆಟ್ಟಿಯೋಳು’. ಹೆಣ್ಣಿನ ಹೆಸರು ಮರೆತು ಅವಳು ಬಂದ ದಾರಿ ಮಾತ್ರ ನೆನಪಿನಲ್ಲಿ ಉಳಿಯುವ ಈ ಕ್ರಮವನ್ನು ಪ್ರವಾಸಿ ಗುರುತು ಹಾಕಿಕೊಂಡದ್ದು ವ್ಯರ್ಥವಾಗಲಿಲ್ಲ, ಏಕೆಂದರೆ ಇಂಗ್ಲೆಂಡಿನ ವಂಶಾವಳಿಯ ಗಂಟು ಬಿಚ್ಚುವುದಕ್ಕೂ ಮುಂದೆ ಇದೇ ಎಳೆ ನೆರವಾಯಿತು.

ಆ ಮನೆತನ ಕಾರ್ನ್‌ವಾಲಿಸರದು. ಅವರ ಮೂಲಪುರುಷರಲ್ಲಿ ಖಚಿತವಾಗಿ ತಿಳಿದಿರುವ ಮೊದಲಿಗನಾದ ಥಾಮಸ್ ಕಾರ್ನ್‌ವಾಲಿಸ್ ಅರಸುಕುಲದವನಲ್ಲ. ಆತ ಲಂಡನ್ನಿನ ವರ್ತಕ, 1378ರಲ್ಲಿ ಆ ನಗರದ ಶೆರಿಫ್, ಅಂದರೆ ಅರಸನ ಪರವಾಗಿ ನ್ಯಾಯ ಮತ್ತು ಕಂದಾಯದ ಕೆಲಸ ನೋಡುವ ಅಧಿಕಾರಿಯಾಗಿದ್ದವನು. ಅವನ ಮಗ ಸಫೋಕ್ ಪ್ರಾಂತದ ಬ್ರೋಮ್ ಎಂಬ ಹಳ್ಳಿಯ ಜಮೀನುಳ್ಳ ಮನೆಯ ಹೆಣ್ಣನ್ನು ಮದುವೆಯಾದದ್ದರಿಂದ ಬ್ರೋಮ್ ಈ ಕುಟುಂಬದ ನೆಲೆಯಾಯಿತು, ಎಂದರೆ ಮನೆತನದ ಮೊದಲ ಭೂಮಿಯೇ ಹೆಣ್ಣಿನ ಕಡೆಯಿಂದ ಬಂದದ್ದು. 16ನೆಯ ಶತಮಾನದಲ್ಲಿ ಸರ್ ಥಾಮಸ್ ಎಂಬಾತ ರಾಣಿ ಮೇರಿಯ ಅರಮನೆಯ ಲೆಕ್ಕಪತ್ರದ ಮೇಲಧಿಕಾರಿಯಾಗಿದ್ದು ಬ್ರೋಮ್‌ನಲ್ಲಿ ದೊಡ್ಡ ಮನೆ ಕಟ್ಟಿಸಿದನು. 1661ರಲ್ಲಿ ಫ್ರೆಡರಿಕ್ ಕಾರ್ನ್‌ವಾಲಿಸನಿಗೆ ಬ್ಯಾರನ್ ಪದವಿ ದೊರೆಯಿತು. 1753ರಲ್ಲಿ ಐದನೆಯ ಬ್ಯಾರನ್‌ನು ಅರ್ಲ್ ಆದನು. ಇಂಗ್ಲೆಂಡಿನ ಕುಲೀನರ ಐದು ಮೆಟ್ಟಿಲುಗಳಲ್ಲಿ ಬ್ಯಾರನ್ ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ ವೈಕೌಂಟ್, ಅರ್ಲ್, ಮಾರ್ಕ್ವೆಸ್, ಕೊನೆಗೆ ಡ್ಯೂಕ್. ಈ ಬಿರುದುಗಳು ಸಾಮಾನ್ಯವಾಗಿ ಪಡೆದವನ ಗಂಡುಸಂತಾನದ ಸಾಲಿನಲ್ಲಿ ಮಾತ್ರ ಇಳಿಯುತ್ತವೆ, ಆ ಸಾಲು ಕಡಿದರೆ ಬಿರುದೂ ಅಳಿಯುತ್ತದೆ. ಮೊದಲ ಅರ್ಲನ ಅವಳಿ ತಮ್ಮಂದಿರಲ್ಲಿ ಒಬ್ಬನು ಕೆನಡಾದ ಹ್ಯಾಲಿಫ್ಯಾಕ್ಸ್ ಪಟ್ಟಣವನ್ನು 1749ರಲ್ಲಿ ಸ್ಥಾಪಿಸಿದನು, ಇನ್ನೊಬ್ಬನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದನು. 1738ರ ಡಿಸೆಂಬರ್ 31ರಂದು ಹುಟ್ಟಿದ, ಮೊದಲ ಅರ್ಲನ ಮಗ ಚಾರ್ಲ್ಸ್, ಎರಡನೆಯ ಅರ್ಲ್, 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾಗಿ, 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದವನು. ಹೊಸೂರಿನ ದಾರಿಗೆ ಬಂದದ್ದು ಈತನೇ.

ತಳಿಯಿಂದ ಹೊಸೂರಿಗೆ ಬರುವಷ್ಟರಲ್ಲಿ ಹೊಲಗಳು ತೆಳುವಾಗಿ ಕಾರ್ಖಾನೆಗಳ ಗೋಡೆಗಳು ಎದುರಾಗುತ್ತವೆ. ಮೈಸೂರಿನ ಟಿಪ್ಪು ಸುಲ್ತಾನನ ಮೇಲಿನ ಯುದ್ಧದಲ್ಲಿ 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿನವರೆಗೆ ಹೋಗಿಯೂ ಮಳೆ, ಮೇವಿನ ಕೊರತೆ, ಸಾಯುತ್ತಿದ್ದ ಎತ್ತುಗಳು ಇವುಗಳಿಂದ ಕಂಗೆಟ್ಟು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ಅವನಿಗೆ ಆಗ ಬೇಕಾಗಿದ್ದದ್ದು ಮತ್ತೊಂದು ಕಾಳಗವಲ್ಲ, ಕೋರಮಂಡಲ ತೀರದಿಂದ ಅಕ್ಕಿ, ಹಣ, ಎತ್ತು ನಿರಾತಂಕವಾಗಿ ಮೇಲೇರಿ ಬರುವ ಒಂದು ಘಟ್ಟದ ದಾರಿ. ಆ ದಾರಿಯ ಕೀಲಿಯಂತೆ ಹೊಸೂರು ಇತ್ತು. ಜುಲೈ ಮಧ್ಯದಲ್ಲಿ ಅವನ ಸೇನೆ ಬಂದಾಗ ಟಿಪ್ಪುವಿನ ಪಡೆ ಹೊಸೂರಿನ ಕೋಟೆಯನ್ನು ತೆರವು ಮಾಡಿ ಹೋಗಿತ್ತು. ಮುಂದಿನ ದಿನಗಳಲ್ಲಿ ಅಂಚೆಟ್ಟಿದುರ್ಗ, ನೀಲಗಿರಿದುರ್ಗ, ರಾಯಕೋಟೆ ಒಂದೊಂದಾಗಿ ಬಿದ್ದವು. ಆಗಸ್ಟ್ ತಿಂಗಳಲ್ಲಿ ಹಣ ಹೊತ್ತ ಆನೆಗಳೂ ಅಕ್ಕಿ ಹೇರಿದ ಸಾವಿರಾರು ಎತ್ತುಗಳೂ ಇದೇ ದಾರಿಯಿಂದ ಹೊಸೂರು ಸೇರಿದವು. ಆ ಎತ್ತುಗಳನ್ನು ಹೊಡೆದುಕೊಂಡು ಬಂದವರ ಹೆಸರುಗಳನ್ನು ಯಾವ ವಂಶಾವಳಿಯೂ ಬರೆದಿಡಲಿಲ್ಲ, ಆದರೆ ಆ ಎತ್ತುಗಳಿಲ್ಲದೆ ಮುಂದಿನ ವರ್ಷದ ವಿಜಯವಿರಲಿಲ್ಲ.

ರಾಯಕೋಟೆಯನ್ನು ಕಂಡಮೇಲೆಯೇ ಈ ಮಾತಿನ ತೂಕ ಅರಿವಾಗುತ್ತದೆ. ಹೊಸೂರಿನಿಂದ ಕೆಲಮಂಗಲದ ಮೇಲೆ ಹೋಗುವ ರಸ್ತೆ, ಧರ್ಮಪುರಿಯ ಕಡೆಗೆ ಸಾಗುವ ರೈಲುದಾರಿ ಎರಡೂ ಇಲ್ಲಿ ಪ್ರಸ್ಥಭೂಮಿಯ ಅಂಚಿಗೆ ಬರುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಹೊಸೂರು ಸೀಮೆಗೆ ‘ಬಾಲಾಘಾಟ್’, ಅಂದರೆ ಘಟ್ಟದ ಮೇಲಿನ ನಾಡು ಎಂದೂ, ಕೆಳಗಿನ ಕೃಷ್ಣಗಿರಿಯ ಬಯಲಿಗೆ ‘ಬಾರಾಮಹಲ್’, ಅಂದರೆ ಹನ್ನೆರಡು ಕೋಟೆಗಳ ಸೀಮೆ ಎಂದೂ ಹೆಸರಿತ್ತು. ರಾಯಕೋಟೆ ಇವೆರಡರ ಹೊಸ್ತಿಲು. ಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಕುಸಿದ ಗೋಡೆಗಳ ನಡುವೆ ನಿಂತರೆ ಒಂದು ಕಡೆ ಮಾವಿನ ತೋಪುಗಳ ಬಯಲು, ಇನ್ನೊಂದು ಕಡೆ ಮೈಸೂರಿನತ್ತ ಏರುವ ಗುಡ್ಡಗಳು ಒಟ್ಟಿಗೆ ಕಾಣುತ್ತವೆ. ಈ ಕೋಟೆಯನ್ನು ಕಾರ್ನ್‌ವಾಲಿಸನ ಸೇನೆಯ ಮೇಜರ್ ಗೌಡಿಯ ಪಡೆ ಮುತ್ತಿದಾಗ ಕಾವಲಿನವರು ಕೆಲವೇ ದಿನಗಳಲ್ಲಿ ಒಪ್ಪಿಸಿಬಿಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಕೃಷ್ಣಗಿರಿಯ ಮೇಲಿನ ಕೋಟೆಯನ್ನು ಕರ್ನಲ್ ಮ್ಯಾಕ್ಸ್‌ವೆಲ್ ರಾತ್ರಿ ಹತ್ತಲು ಹೋಗಿ ಮೇಲಿನಿಂದ ಉರುಳಿದ ಬಂಡೆಗಳಿಗೆ ಸೋತು ಇಳಿದನು. ಯುದ್ಧದ ಕೊನೆಗೆ, 1792ರ ಮಾರ್ಚ್‌ನ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ, ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಂಡು ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು, ಹೊಸೂರು ಸೀಮೆ ಮಾತ್ರ 1799ರವರೆಗೆ ಮೈಸೂರಿನಲ್ಲಿಯೇ ಉಳಿಯಿತು. ಒಪ್ಪಂದವಾದ 1792ರಲ್ಲಿಯೇ ಕಾರ್ನ್‌ವಾಲಿಸ್ ಮಾರ್ಕ್ವೆಸ್ ಆದನು. ತಾಯಿಯಿಲ್ಲದ ತನ್ನ ಒಬ್ಬನೇ ಮಗನಿಗೆ ಕಾಗದ ಬರೆಯುತ್ತಿದ್ದ ತಂದೆಯೊಬ್ಬನು, ಇನ್ನೊಬ್ಬ ತಂದೆಯ ಇಬ್ಬರು ಹುಡುಗರನ್ನು ಒತ್ತೆಯಾಗಿ ಬರಮಾಡಿಕೊಂಡ ಆ ಗಳಿಗೆಯನ್ನು ಚಿತ್ರಕಾರರು ವಾತ್ಸಲ್ಯದ ದೃಶ್ಯವಾಗಿ ಬರೆದದ್ದನ್ನು ಇಂದು ಒಪ್ಪುವುದು ಕಷ್ಟ.

ಬಿರುದು ದೊಡ್ಡದಾಯಿತು, ವಂಶ ಕಿರಿದಾಯಿತು. ಮೊದಲ ಮಾರ್ಕ್ವೆಸ್ 1805ರಲ್ಲಿ ಗಾಜೀಪುರದಲ್ಲಿ ತೀರಿಕೊಂಡನು. ಅವನ ಮಗ, ಎರಡನೆಯ ಮಾರ್ಕ್ವೆಸ್, ಗೋರ್ಡನ್ ಡ್ಯೂಕನ ಮಗಳು ಲೂಯಿಸಾಳನ್ನು ಮದುವೆಯಾಗಿ ಐವರು ಹೆಣ್ಣುಮಕ್ಕಳನ್ನು ಪಡೆದನು, ಗಂಡುಮಗ ಹುಟ್ಟಲಿಲ್ಲ. 1823ರಲ್ಲಿ ಅವನು ಸತ್ತಾಗ ಮಾರ್ಕ್ವೆಸ್ ಪದವಿ ಮೂವತ್ತೊಂದು ವರ್ಷಕ್ಕೇ ಅಳಿಯಿತು, ಮನೆತನದ ಹಳೆಯ ಜಮೀನುಗಳು ಬೇರೆಯವರ ಪಾಲಾದವು. ಕೆಳಗಿನ ಅರ್ಲ್ ಪದವಿಯು ಬಿಷಪ್ ಆಗಿದ್ದ ಚಿಕ್ಕಪ್ಪ ಜೇಮ್ಸ್‌ಗೆ ಹೋಗಿ, ಅವನು ಕೆಲವೇ ತಿಂಗಳಲ್ಲಿ ತೀರಿಕೊಂಡ ಮೇಲೆ ಅವನ ಮಗನಿಗೆ ಬಂದು, 1852ರಲ್ಲಿ ಅದೂ ಕೊನೆಗೊಂಡಿತು. ಕುಲೀನರ ವಂಶಾವಳಿ ಗ್ರಂಥಗಳು ಇಲ್ಲಿಗೆ ಪುಟ ಮುಚ್ಚುತ್ತವೆ, ಹೆಣ್ಣುಮಕ್ಕಳ ಹೆಸರಿನ ಮುಂದೆ ಯಾರನ್ನು ಮದುವೆಯಾದಳು ಎಂಬ ಒಂದು ಸಾಲು ಮಾತ್ರ ಉಳಿಯುತ್ತದೆ. ಆದರೆ ಆ ಸಾಲುಗಳನ್ನೇ ಹಿಡಿದು ಹೋದರೆ ಕಥೆ ಬೇರೆಯಾಗುತ್ತದೆ. ಎರಡನೆಯ ಮಾರ್ಕ್ವೆಸನ ಹಿರಿಯ ಮಗಳು ಜೇನ್‌ಳ ಗಂಡ ಲಾರ್ಡ್ ಬ್ರೇಬ್ರೂಕ್, ಸ್ಯಾಮ್ಯುಯೆಲ್ ಪೀಪ್ಸ್‌ನ ಹೆಸರಾಂತ ದಿನಚರಿಯನ್ನು 1825ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದವನು. ಇನ್ನೊಬ್ಬ ಮಗಳು ಮೇರಿಯ ಗಂಡ ಚಾರ್ಲ್ಸ್ ರಾಸ್, ಮೊದಲ ಮಾರ್ಕ್ವೆಸನ ಪತ್ರವ್ಯವಹಾರವನ್ನು 1859ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದವನು. ಹೊಸೂರಿನ ದಾರಿಯ ಬಗ್ಗೆ, ಸಾಯುತ್ತಿದ್ದ ಎತ್ತುಗಳ ಬಗ್ಗೆ ಆ ಸೇನಾಪತಿ ಏನು ಬಗೆದಿದ್ದನೆಂದು ಇಂದು ಓದಲು ಸಿಗುವುದು ಮೊಮ್ಮಗಳ ಮನೆಯವರ ಶ್ರಮದಿಂದ, ಗಂಡುಸಾಲಿನಿಂದಲ್ಲ. ಕೊನೆಯ ಅರ್ಲನ ಮಗಳೊಬ್ಬಳ ಮಗನು 1859ರಲ್ಲಿ ಕಾರ್ನ್‌ವಾಲಿಸ್ ಎಂಬ ಉಪನಾಮವನ್ನು ತನ್ನದಾಗಿಸಿಕೊಂಡನು, ಅವನ ಮಗನು 1927ರಲ್ಲಿ ಬ್ಯಾರನ್ ಕಾರ್ನ್‌ವಾಲಿಸ್ ಆದನು. ಕಡಿದ ಬಳ್ಳಿ ಚಿಗುರಿದ್ದು ತಳಿಯ ಹಿರಿಯರು ತವರೂರಿನಿಂದ ಮಾತ್ರ ನೆನೆಯುವಂಥ ಹೆಣ್ಣಿನ ಗೆಣ್ಣಿನಲ್ಲಿ.

ರಾಯಕೋಟೆಯ ಗಡಿ ಇನ್ನೊಂದು ಬಿರುದನ್ನೂ ಹುಟ್ಟಿಸಿತು. ಟಿಪ್ಪುವಿನ ಮೇಲಿನ ಕೊನೆಯ ಯುದ್ಧದಲ್ಲಿ, 1799ರ ಮಾರ್ಚ್‌ನಲ್ಲಿ, ಬ್ರಿಟಿಷ್ ಸೇನೆಯ ಜನರಲ್ ಹ್ಯಾರಿಸ್ ಇದೇ ಹೊಸ್ತಿಲು ದಾಟಿ ಶ್ರೀರಂಗಪಟ್ಟಣಕ್ಕೆ ನಡೆದನು. 1815ರಲ್ಲಿ ಅವನು ಪಡೆದ ಬ್ಯಾರನ್ ಪದವಿಯ ಹೆಸರಿನಲ್ಲಿಯೇ ಶ್ರೀರಂಗಪಟ್ಟಣವೂ ಮೈಸೂರೂ ಸೇರಿವೆ. ಅವನ ಮೊಮ್ಮಗ, ಮೂರನೆಯ ಲಾರ್ಡ್ ಹ್ಯಾರಿಸ್, 1854ರಿಂದ 1859ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದನು, ತಾತ ದಾಟಿ ಹೋದ ಈ ಸೀಮೆಯ ಕಂದಾಯ ಆಗ ಮೊಮ್ಮಗನ ಸರ್ಕಾರಕ್ಕೆ ಸಲ್ಲುತ್ತಿತ್ತು.

ವಂಶಾವಳಿಗಳನ್ನು ಏಕೆ ಬರೆಯುತ್ತಾರೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿಯೂ ಈ ನಾಡಿನಲ್ಲಿಯೂ ಒಂದೇ ಉತ್ತರ ಸಿಗುತ್ತದೆ. ಇಂಗ್ಲೆಂಡಿನಲ್ಲಿ 1530ರಿಂದ 1688ರವರೆಗೆ ಅರಸನ ಲಾಂಛನಾಧಿಕಾರಿಗಳು ಪ್ರಾಂತಗಳನ್ನು ಸುತ್ತಿ, ಕುಲಲಾಂಛನ ಹಿಡಿಯುವ ಹಕ್ಕು ಯಾವ ಮನೆಗಿದೆ ಎಂದು ತಲೆಮಾರುಗಳನ್ನು ವಿಚಾರಿಸಿ ಬರೆದುಕೊಂಡರು. ಇಲ್ಲಿ 1792ರ ಯುದ್ಧದಲ್ಲಿ ಎಂಜಿನಿಯರ್ ಆಗಿದ್ದ ಕಾಲಿನ್ ಮೆಕೆಂಜಿ, 1799ರ ನಂತರ ಮೈಸೂರಿನ ಸರ್ವೆ ಕೈಗೊಂಡಾಗ, ಪಾಳೆಯಗಾರರ, ಅಂದರೆ ಸೇನೆಯೊದಗಿಸುವ ಕರಾರಿನ ಮೇಲೆ ಸೀಮೆಯನ್ನಾಳುತ್ತಿದ್ದ ಸ್ಥಳೀಯ ನಾಯಕರ ಕುಲಕಥೆಗಳನ್ನು ‘ಕೈಫಿಯತ್ತು’ಗಳೆಂಬ ಹೇಳಿಕೆಗಳಾಗಿ ಬರೆಸಿ ಸಂಗ್ರಹಿಸಿದನು. ಎರಡು ಕಡೆಯೂ ಹಕ್ಕು ಪ್ರಶ್ನೆಗೆ ಬಂದಾಗ ತಾತ ಮುತ್ತಾತರ ಹೆಸರುಗಳು ಕಾಗದಕ್ಕೆ ಇಳಿದವು. ಹಕ್ಕಿನ ಹಂಗಿಲ್ಲದೆ ವಂಶ ಹೇಳುವವರು ಹೆಳವರು: ಎತ್ತಿನ ಮೇಲೆ ಊರೂರು ತಿರುಗಿ, ಒಕ್ಕಲು ಮನೆಯ ಬಾಗಿಲಲ್ಲಿ ಆ ಮನೆಯ ಪೂರ್ವಿಕರನ್ನು ಹೆಸರಿಟ್ಟು ಹಾಡಿ, ಕಾಳು ಪಡೆದು ಮುಂದೆ ಹೋಗುವ ಆ ಸಮುದಾಯದ ಹೊತ್ತಿಗೆಗಳನ್ನು ವಿಶ್ವವಿದ್ಯಾಲಯಗಳು ಇನ್ನೂ ಹೆಚ್ಚಿನ ಗೌರವದಿಂದ ಓದಬೇಕು.

ಹಿಂದಿರುಗುವ ದಾರಿಯಲ್ಲಿ ಪ್ರವಾಸಿ ತಳಿಯ ಸೀಮೆಯ ಗುಮ್ಮಳಾಪುರಕ್ಕೆ ಹೋದದ್ದು ಮತ್ತೊಂದು ಬಗೆಯ ವಂಶಾವಳಿಗಾಗಿ. ಅಲ್ಲಮಪ್ರಭು ಮತ್ತು ಶರಣರ ಸಂವಾದವನ್ನು ವಚನಗಳ ಮೂಲಕ ಹೆಣೆದ ‘ಶೂನ್ಯಸಂಪಾದನೆ’ಯನ್ನು ಮೊದಲು ಸಂಕಲಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅದನ್ನು ಮತ್ತೆ ಕಟ್ಟಿದವನು ಹಲಗೆಯದೇವ. ಆಮೇಲೆ 16ನೆಯ ಶತಮಾನದಲ್ಲಿ ಅದನ್ನು ತಿದ್ದಿ ಬೆಳೆಸಿದವನು ಗುಮ್ಮಳಾಪುರದ ಸಿದ್ಧಲಿಂಗದೇವ, ಅವನ ತರುವಾಯ ಗೂಳೂರು ಸಿದ್ಧವೀರಣ್ಣೊಡೆಯ. ಒಬ್ಬನು ಇನ್ನೊಬ್ಬನ ಮಗನಲ್ಲ. ಒಬ್ಬನ ಕೃತಿಯನ್ನು ಮತ್ತೊಬ್ಬನು ಎತ್ತಿಕೊಂಡು, ಕುಂದೆನಿಸಿದಲ್ಲಿ ಸರಿಪಡಿಸಿ, ತನ್ನದನ್ನು ಸೇರಿಸಿ ಮುಂದಿನವನಿಗೆ ಒಪ್ಪಿಸಿದನು. ಬ್ರೋಮ್‌ನಲ್ಲಿ ಸರ್ ಥಾಮಸ್ ಮನೆ ಕಟ್ಟಿಸಿದ ಶತಮಾನವೂ ಅದೇ. ಆ ಮನೆಯ ಹೆಚ್ಚಿನ ಭಾಗ 20ನೆಯ ಶತಮಾನದಲ್ಲಿ ನೆಲಸಮವಾಯಿತು. ಸಂಜೆ ತಳಿಯ ಕಡೆಗೆ ಹೊರಟ ಬಸ್ಸಿನಲ್ಲಿ ಹೂವಿನ ಮೂಟೆಗಳನ್ನು ಕಾಲ ಬಳಿ ಇಟ್ಟುಕೊಂಡ ಹೆಂಗಸರು ಕೂತಿದ್ದರು. ಅವರಲ್ಲೊಬ್ಬರನ್ನು ಕಂಡಕ್ಟರು ಹೆಸರು ಹಿಡಿದು ಕರೆದು ಟಿಕೆಟ್ ಕೊಟ್ಟನು, ಪ್ರವಾಸಿ ಆ ಹೆಸರನ್ನು ಬರೆದುಕೊಂಡನು.