ಅಪ್ಪನ ಜಾವಾ, ಹಳೇ ಕಂಡೆನ್ಸರ್

ಏನೂ ಬರೆಯದೆ ತುಂಬಾ ದಿನ ಆಯ್ತು. ಕೆಲಸದ ಗಲಾಟೆ ಅಂದ್ಕೊಳ್ಳಿ, ಸೋಮಾರಿತನ ಅಂದ್ಕೊಳ್ಳಿ, ಎರಡೂ ನಿಜ. ಮೊನ್ನೆ ಊರಿಗೆ ಹೋಗಿದ್ದೆ. ಅಪ್ಪನ ಜಾವಾ ಮಾರೋಣ ಅಂತ.

ನಮ್ಮ ಕಡೆಯವರಿಗೆ ಜಾವಾ ಬಗ್ಗೆ ಹೇಳಬೇಕಿಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಬರತೊಡಗಿದವು, 1996ರಲ್ಲಿ ಬಾಗಿಲು ಮುಚ್ಚಿತು. ನಡುವೆ ಹೆಸರು ಯೆಜ್ಡಿ ಆಯ್ತು. ನಮ್ಮದು ಅದಕ್ಕೂ ಹಿಂದಿನದು. ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್, ಮೊಳೆಯಂಥ ಕೀ, ಗೇರಿನ ಲಿವರನ್ನೇ ಒಳಗೊತ್ತಿ ಮೇಲೆತ್ತಿದರೆ ಕಿಕ್ಕರ್. (2018ರಲ್ಲಿ ಜಾವಾ ಹೆಸರಿನ ಹೊಸ ಬೈಕು ಬಂತಲ್ಲ, ಅಪ್ಪ ಅದನ್ನ ಜಾವಾ ಅಂತ ಒಪ್ಪಿಲ್ಲ. ಹೊಗೆಯೇ ಬರಲ್ವಂತೆ :) )

ಎರಡು ವರ್ಷದಿಂದ ಅಪ್ಪನ ಕೈ ನಡುಗುತ್ತೆ. ಗಾಡಿ ಓಡಿಸಬೇಡ ಅಂತ ಹೇಳಿದ್ದು ನಾನೇ. ಭಾನುವಾರ ಕೊಳ್ಳೋರು ಬರ್ತಾರೆ ಅಂದಾಗ ಸುಮ್ಮನಿದ್ದು, ಆಮೇಲೆ, "ಹೇಮಗಿರಿಗೆ ಒಂದ್ಸಲ ಅದ್ರಲ್ಲೇ ಕರ್ಕೊಂಡೋಗ್ಲಾ" ಅಂದ.

ಮಾರಾಟಕ್ಕೆ ಚೆನ್ನಾಗಿರಲಿ ಅಂತ ನಾನು ಮೊದಲೇ ಸರ್ವೀಸ್ ಮಾಡಿದ್ದೆ. ಪ್ಲಗ್, ಪಾಯಿಂಟ್, ಕಂಡೆನ್ಸರ್ ಎಲ್ಲಾ ಹೊಸದು. ಕೆ.ಆರ್.ಪೇಟೆ ದಾಟಿ ಬಂಡಿಹೊಳೆ ಹತ್ತಿರ ಬರೋವರೆಗೂ ಗಾಡಿ ಹಾಡಿದ ಹಾಗೆ ಬಂತು. ಅಲ್ಲಿ ಎರಡು ಸಲ ಕೆಮ್ಮಿ ನಿಂತಿತು.

ಹಾರನ್ ಹೊಡೆದೆ, ಕೂಗ್ತು. ಅಲ್ಲಿಗೆ ಬ್ಯಾಟರಿ ಸರಿ ಇದೆ. ಪ್ಲಗ್ ಬಿಚ್ಚಿದೆ, ಒದ್ದೆ. ಅಲ್ಲಿಗೆ ಪೆಟ್ರೋಲೂ ಬರ್ತಿದೆ. ಪ್ಲಗ್ಗನ್ನ ಸಿಲಿಂಡರ್‌ಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಚಟ್ ಅನ್ನಬೇಕು, ಹಳದಿಯಾಗಿ ಸಪ್ಪೆ ಕಿಡಿ ಬಂತು. ಬಲಗಡೆ ಮುಚ್ಚಳ ತೆಗೆದು ಪಾಯಿಂಟ್ ಒರೆಸಿದೆ. ಗ್ಯಾಪ್ 0.4 ಮಿಲಿಮೀಟರ್ ಇರಬೇಕು, ಅಳೆಯೋ ಗೇಜ್ ಮನೇಲಿ ಬಿಟ್ಟು ಬಂದಿದ್ದೆ. ನಾಲೆ ಏರಿ ಮೇಲೆ ಕೂತಿದ್ದ ಅಪ್ಪ, "ಟೂಲ್ ಬಾಕ್ಸಲ್ಲಿ ಬ್ಲೇಡ್ ಅವೆ ನೋಡು, ನಾಕು ಸೇರ್ಸಿ ಹಾಕು" ಅಂದ. ಗಡ್ಡ ಹೆರೆಯೋ ಬ್ಲೇಡು! ಒಂದು ಸುಮಾರು 0.1 ಮಿಲಿಮೀಟರ್ ದಪ್ಪ. ನಾಲ್ಕು ಸೇರಿದರೆ ಲೆಕ್ಕ ಸರಿಹೋಯ್ತು.

ಗಾಡಿ ಸ್ಟಾರ್ಟ್ ಆಯ್ತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಕಾಲು ಗಂಟೆ ಬಿಟ್ಟು ಒದ್ದರೆ ಮತ್ತೆ ಸ್ಟಾರ್ಟ್, ಬಿಸಿಯಾದ ಕೂಡಲೇ ಮತ್ತೆ ಬಂದ್. ಕಾಯಿಲ್ ಹೋಗಿದೆ ಅಂತ ನಾನು ತೀರ್ಪು ಕೊಟ್ಟುಬಿಟ್ಟೆ. ಗಾಡಿ ಇಲ್ಲೇ ಬಿಟ್ಟು ಆಟೋ ತರ್ತೀನಿ ಅಂದೆ.

"ತಡಿ, ಕತ್ತಲಾಗ್ಲಿ" ಅಂದ ಅಪ್ಪ.

ಕತ್ತಲಾಯ್ತು. "ಈಗ ಒದಿ. ಪ್ಲಗ್ ನೋಡ್ಬ್ಯಾಡ, ಪಾಯಿಂಟ್ ನೋಡು." ಒದ್ದೆ. ಪಾಯಿಂಟ್ ಬಾಯಲ್ಲೇ ದೊಡ್ಡ ಕಿಡಿ, ಮಿಂಚುಹುಳು ಕೂತಂಗೆ. ಪಾಯಿಂಟ್ ತೆರೆದ ಕ್ಷಣ ಕರೆಂಟ್ ಅಲ್ಲೇ ಹಾರದಂತೆ ಹಿಡಿದಿಟ್ಟುಕೊಳ್ಳೋದು ಕಂಡೆನ್ಸರ್ ಕೆಲಸ. ಆಗಲೇ ಕಾಯಿಲ್‌ನಲ್ಲಿ ಕರೆಂಟ್ ದಿಢೀರನೆ ಕಡಿದು ಪ್ಲಗ್ಗಿಗೆ ಜೋರು ಕಿಡಿ ಸಿಗೋದು. ನನ್ನ ಹೊಸ ಕಂಡೆನ್ಸರ್ ಎಂಜಿನ್ ಬಿಸಿಗೆ ಕೈಕೊಡ್ತಿತ್ತು.

"ಹಳೇದೇನ್ ಮಾಡ್ದೆ?"

"ಎಸೆದೆ."

"ನಾನ್ ಎತ್ಕೊಂಡಿದ್ದೆ ಕಣ್ಲಾ" ಅಂತ ಜೇಬಿನಿಂದ ಬಟ್ಟೆ ಸುತ್ತಿದ ಆ ಪುಟ್ಟ ಡಬ್ಬಿ ತೆಗೆದ. "ಕೆಟ್ಟಿತ್ತೇನ್ಲಾ ಅದು? ಯಾಕ್ ಬದಲಾಯಿಸ್ದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಕ್ರೂ ಕೂರಿಸೋಕೆ ಹೋದ, ಕೈ ನಿಲ್ಲಲಿಲ್ಲ. ನನ್ನ ಕೈಗೆ ಕೊಟ್ಟು ಮೊಬೈಲ್ ಬೆಳಕು ಹಿಡಿದ. ಬೆಳಕೂ ನಡುಗ್ತಿತ್ತು. ಹಾಗೇ ಬಿಗಿಮಾಡಿದೆ. ಎರಡನೇ ಕಿಕ್ಕಿಗೆ ಸ್ಟಾರ್ಟ್.

ವೆಂಕಟರಮಣನ ಬೆಟ್ಟ ಹತ್ತೋ ಹೊತ್ತಲ್ಲ ಅದು. ಕೆಳಗೆ ಹೇಮಾವತಿ ಅಣೆಕಟ್ಟೆ ಹತ್ತಿರ ಗಾಡಿ ನಿಲ್ಲಿಸಿ ನೀರಿನ ಸದ್ದು ಕೇಳ್ತಾ ಕೂತ್ವಿ. ಹೇಮಗಿರಿ ದನಗಳ ಜಾತ್ರೆಗೆ ನನ್ನನ್ನ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಬರ್ತಿದ್ದದ್ದನ್ನ ಅಪ್ಪ ಹೇಳಿದ. ಬರೋವಾಗ ಗಾಡಿ ಎಲ್ಲೂ ನಿಲ್ಲಲಿಲ್ಲ.

ಭಾನುವಾರ ಕೊಳ್ಳೋರು ಬಂದರು. ಅಪ್ಪ ಕಾಫಿ ಕೊಟ್ಟು, "ಬಿಸಿಯಾದ್ರೆ ನಿಂತೋಯ್ತದೆ ಸ್ವಾಮಿ, ಏನ್ ಮಾಡುದ್ರೂ ಸರಿಹೋಗ್ನಿಲ್ಲ" ಅಂದ. ಅಪ್ಪ ಸುಳ್ಳು ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು. "ಹೌದು ಸಾರ್" ಅಂತ ನಾನೂ ಸೇರಿಸಿದೆ.

ಯಾರ ಹತ್ತಿರವಾದರೂ ಹಳೇ ಅಸಲಿ ಜಾವಾ ಕಂಡೆನ್ಸರ್ ಇದ್ದರೆ ತಿಳಿಸಿ. ಒಂದು ಸ್ಪೇರ್ ಬೇಕಾಗಿದೆ.